ದೋಹಾದಲ್ಲಿ ದೊಣ್ಣೆ ಮೆಣಸಿನಕಾಯಿ ಎನ್‌ಕೌಂಟರ್

ವಿಮಾನ ನಿಲ್ದಾಣ

ನನ್ನ ಚೀಲ ತಪಾಸಣೆಯ ಯಂತ್ರದೊಳಗೆ ಹೋಯಿತು, ಹೊರಗೆ ಬರಲಿಲ್ಲ. ಪರದೆಯ ಮೇಲೆ ದುಂಡನೆಯ ಬಿಲ್ಲೆಗಳ ಒಂದು ಗೋಪುರ ಕಾಣುತ್ತಿತ್ತು. ಕಸ್ಟಮ್ಸ್ ಅಧಿಕಾರಿ ಪರದೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು.

"ವಾಟ್ ಈಸ್ ದಿಸ್?"

ನೂರಾ ಇಪ್ಪತ್ತು ಖಡಕ್ ರೊಟ್ಟಿ. ದೋಹಾದಲ್ಲಿರುವ ಅಕ್ಕನಿಗಾಗಿ ಅವ್ವ ಗದಗಿನ ಮನೆಯಲ್ಲಿ ಎರಡು ದಿನ ಬಡಿದು, ಒಣಗಿಸಿ, ಹಳೇ ಧೋತರದಲ್ಲಿ ಸುತ್ತಿ ಕಳಿಸಿದ್ದು. "ಬ್ರೆಡ್" ಅಂದೆ. ಅವರು ಒಂದನ್ನು ತೆಗೆದು ಬೆರಳಿನಿಂದ ಬಡಿದರು. ಟಣ್ ಅಂದಿತು. "ಬ್ರೆಡ್?" ಅಂತ ಮತ್ತೊಮ್ಮೆ ಕೇಳಿದರು. ಮೆತ್ತನೆಯ ಅರಬ್ಬಿ ರೊಟ್ಟಿ ಖುಬ್ಬೂಸ್ ತಿಂದು ಬೆಳೆದವರಿಗೆ ಇದನ್ನು ಹೇಗೆ ನಂಬಿಸುವುದು? ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಕಟುಂ ಕುಟುಂ ಅಗಿದು ತೋರಿಸಿದೆ. ಅವರಿಗೆ ನಗು ಬಂತು. "ಯಲ್ಲಾ, ಯಲ್ಲಾ" ಅಂತ ಕೈ ಬೀಸಿ ಮುಂದಕ್ಕೆ ಕಳಿಸಿದರು.

ಪಕ್ಕದ ಮೇಜಿನಲ್ಲಿ ಐದಾರು ಜನ ತಮಿಳರು ನಿಂತಿದ್ದರು. ಅವರ ಅದೃಷ್ಟ ನನ್ನದರಷ್ಟು ಚೆನ್ನಾಗಿರಲಿಲ್ಲ. ಅವರ ಪೆಟ್ಟಿಗೆಯಲ್ಲಿ ಇದ್ದದ್ದು ಹನ್ನೆರಡು ಪಿಸ್ತೂಲು. ಎಲ್ಲಾ ಪ್ಲಾಸ್ಟಿಕ್. ಟೋಪಿ ಹಾಕಿದ್ದ ಒಬ್ಬರು "ಸಿನಿಮಾ ಸಾರ್, ಡಮ್ಮಿ ಸಾರ್" ಅನ್ನುತ್ತಾ, ನಂಬಿಕೆ ಬರಲಿ ಅಂತ ಒಂದನ್ನು ಎತ್ತಿ ತನ್ನ ಅಂಗೈಗೇ ಗುರಿಯಿಟ್ಟು ಬಾಯಿಂದ "ಢಿಶ್ಯೂಂ" ಅಂದುಬಿಟ್ಟರು. ವಿಮಾನ ನಿಲ್ದಾಣದಲ್ಲಿ! ಅಧಿಕಾರಿ ಶಾಂತವಾಗಿ ಪಿಸ್ತೂಲು ಈಸಿಕೊಂಡು, ಪೆಟ್ಟಿಗೆಯ ಮುಚ್ಚಳ ಹಾಕಿ, ಒಂದೇ ಮಾತು ಹೇಳಿದರು: "ಖಲಾಸ್."

ನನಗಾಗ ಅರಬ್ಬಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಮುಗಿಯಿತು ಅನ್ನುವುದು ಅರ್ಥವಾಯಿತು.

ಸಿನಿಮಾ ಅಂದದ್ದು ಕೇಳಿಯೇ ನನ್ನ ಕಾಲು ಅಲ್ಲಿಂದ ಏಳಲಿಲ್ಲ. ನಾನು ಗದಗಿನ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ, ಮದುವೆ ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಯಾರೂ ಕಲಿಸಿದ್ದಲ್ಲ, ನೋಡಿ ನೋಡಿ ಕಲಿತದ್ದು. ಮದುವೆ ಇಲ್ಲದ ತಿಂಗಳುಗಳಲ್ಲಿ ತಮಿಳು ಪೊಲೀಸ್ ಸಿನಿಮಾ ನೋಡುತ್ತೇನೆ, ನಿಲ್ಲಿಸಿ ನಿಲ್ಲಿಸಿ. ಹೀರೋನ ಎಡಗೈಗಿದ್ದ ಬ್ಯಾಂಡೇಜು ಮುಂದಿನ ಶಾಟಿಗೆ ಬಲಗೈಗೆ ಹೋಗುವುದನ್ನು ಹಿಡಿದರೆ ನನಗೆ ಆ ದಿನ ಹಬ್ಬ.

ಅಲ್ ವುಕೈರ್

ಅಕ್ಕನ ಫ್ಲ್ಯಾಟ್ ಇರುವುದು ಅಲ್ ವುಕೈರ್‌ನಲ್ಲಿ. ಎಲ್ಲಾ ಕಟ್ಟಡಗಳೂ ಹೊಸವು, ಎಲ್ಲವೂ ಒಂದೇ ಬಣ್ಣ. ಮೊದಲ ದಿನ ಕಸ ಹಾಕಲು ಕೆಳಗಿಳಿದವಳು ಬೇರೆ ಕಟ್ಟಡ ಹತ್ತಿ, ಯಾರದೋ ಮನೆಯ ಗಂಟೆ ಒತ್ತಿ, ಬಾಗಿಲು ತೆಗೆದ ಫಿಲಿಪ್ಪೀನ್ಸ್ ಹೆಂಗಸಿಗೆ "ಅಕ್ಕಾ ಎಲ್ಲಿ?" ಅಂತ ಕೇಳಿದೆ. ಆಕೆ ಪಾಪ, ಒಳಗೆ ಕರೆದು ನೀರು ಕೊಟ್ಟಳು. ರಸ್ತೆಯಲ್ಲಿ ದಾರಿ ಕೇಳೋಣ ಅಂದರೆ ನಡೆಯುವವರೇ ಇಲ್ಲ. ಗದಗಿನಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಮೂರು ಜನ "ಎಲ್ಲಿ ಹೊಂಟೀ?" ಅಂತ ಕೇಳುತ್ತಾರೆ. ಇಲ್ಲಿ ಚಹಾ ಕೂಡ ಕಾರಿಗೇ ಬರುತ್ತದೆ. ಅಂಗಡಿ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಸಾಕು, ಏಲಕ್ಕಿ ಹಾಕಿ ಕುದಿಸಿದ ಗಟ್ಟಿ ಕರಕ್ ಚಹಾ ಕಿಟಕಿಗೆ ಹಾಜರು. ನಮ್ಮೂರಲ್ಲಿ ಚಹಾದಂಗಡಿ ಮುಂದೆ ಹಾಗೆ ಹಾರ್ನ್ ಹೊಡೆದರೆ ಚಹಾ ಬರುವುದಿಲ್ಲ, ಚಹಾ ಕುಡಿಯುತ್ತಿದ್ದವರೆಲ್ಲ ಬರುತ್ತಾರೆ.

ನಾನು ಹೋದದ್ದು ಅಕ್ಕನ ಮಗನ ಮೊದಲನೇ ಹುಟ್ಟುಹಬ್ಬಕ್ಕೆ. ಅಕ್ಕನ ಗಂಡ ಬಸುಮಾಮಾ ಗ್ಯಾಸ್ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಕೇಕಿನ ಮೇಲಿನ ಒಂದೇ ಒಂದು ಮೇಣದ ಬತ್ತಿ ಹಚ್ಚುವ ಮೊದಲು ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ತಂದಿಟ್ಟುಕೊಂಡ ಮನುಷ್ಯ. ಊಟ ತರಿಸಿದ್ದು ವಾಸಣ್ಣನ ಕಡೆಯಿಂದ.

ಕಾರ್ಕಳದ ಕಡೆಯ ವಾಸಣ್ಣ ದೋಹಾಕ್ಕೆ ಬಂದು ಇಪ್ಪತ್ತು ವರ್ಷ ದಾಟಿದೆ. ಸಣ್ಣದೊಂದು ಕೇಟರಿಂಗ್, ಒಂದು ವ್ಯಾನು, ದೊಡ್ಡ ಹೊಟ್ಟೆ, ಅದಕ್ಕೆ ಸರಿಸಮನಾದ ಮೀಸೆ. ಮನೆಯಲ್ಲಿ ತುಳು, ಹೊರಗೆ ಹಿಂದಿ, ಮಲಯಾಳಂ, ತಮಿಳು ಎಲ್ಲವೂ ನೀರು ಕುಡಿದ ಹಾಗೆ. ಆದರೆ ಯಾವ ಭಾಷೆಯಲ್ಲಿ ಮಾತು ಶುರು ಮಾಡಿದರೂ ಮೊದಲ ವಾಕ್ಯ ಒಂದೇ. ಹೆಸರು ಕೇಳುವ ಮೊದಲೇ ನನ್ನನ್ನು ಕೇಳಿದ್ದು ಅದನ್ನೇ.

"ಊಟ ಆಯ್ತಾ?"

"ಆತ್ರಿ."

"ಎಂತ ಆದದ್ದು? ತಟ್ಟೆ ನೋಡಿದೆ ನಾನು. ಅದು ಊಟವಾ ಮಾರಾಯ್ತಿ? ಗುಬ್ಬಚ್ಚಿಗೆ ಹಾಕುದು ಅಷ್ಟು." ಅನ್ನುತ್ತಲೇ ಇನ್ನೊಂದು ಸೌಟು ಪಾಯಸ ಬಿತ್ತು. ಬರ್ತ್‌ಡೇ ಕೂಸನ್ನೂ ಅವರು ಅದನ್ನೇ ಕೇಳಿದರು. ಒಂದು ರಾಂಗ್ ನಂಬರ್ ಬಂದಾಗ, ಅದು ರಾಂಗ್ ನಂಬರ್ ಅಂತ ಗೊತ್ತಾದ ಮೇಲೂ, ಫೋನ್ ಇಡುವ ಮುಂಚೆ ಅತ್ತಲಿನವರನ್ನೂ ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ.

ಪಾತ್ರೆ ಎತ್ತಿಡುವಾಗ ಮಾತಿಗೆ ಮಾತು ಬಂತು. "ನಾಳೆಯಿಂದ ಮೂರು ದಿನ ಒಂದು ತಮಿಳು ಶೂಟಿಂಗ್‌ನವರಿಗೆ ನನ್ನದೇ ಊಟ. ನಿಜವಾಗಿ ನಡೆದ ಕಳ್ಳತನದ್ದಂತೆ ಕತೆ, ಪೊಲೀಸ್ ಪಿಕ್ಚರು. ಪಾಪ, ಅವರ ಗನ್ನು ಎಲ್ಲ ಏರ್‌ಪೋರ್ಟಲ್ಲೇ ಹಿಡಿದಿಟ್ರಂತೆ. ಅದೆಂತದೋ ಬರಿಯುವ ಒಬ್ಬಳ ವೀಸಾ ಕೂಡ ಬರ್ಲಿಲ್ಲ. ಯಾವ ಅಂಗಿ, ಎಷ್ಟು ಗುಂಡಿ, ಎಲ್ಲ ಬರ್ದಿಡುವ ಕೆಲಸ ಉಂಟಲ್ಲ..."

"ಕಂಟಿನ್ಯೂಟಿ!" ಅಂತ ನಾನು ಕಿರುಚಿದ್ದಕ್ಕೆ ಮಲಗಿದ್ದ ಕೂಸು ಎದ್ದು ಅತ್ತಿತು.

ಅಕ್ಕ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. "ಏ ಪವೀ, ನೀ ಇಲ್ಲಿ ಕೂಸಿನ್ನ ಆಡಿಸಾಕ ಬಂದೀಯೋ, ಸಿನಿಮಾ ಮಾಡಾಕ ಬಂದೀಯೋ?"

"ಬರೇ ಮೂರು ದಿನ ಅಕ್ಕಾ. ಸುಮ್ಮ ಕುಂತು ಬರಿಯೂದು."

"ಹೋಗ್ಲಿ ಬಿಡು," ಅಂದರು ಬಸುಮಾಮಾ. "ಶೂಟಿಂಗ್‌ನ್ಯಾಗ ಮ್ಯಾಲಿಂದ ಲೈಟ್ ಬೀಳ್ತಾವಂತ. ನನ್ನ ಹೆಲ್ಮೆಟ್ ಹಾಕ್ಕೊಂಡು ಹೋಗು."

ಓಲ್ಡ್ ಏರ್‌ಪೋರ್ಟ್

ವಾಸಣ್ಣ ಹೇಳಿದ್ದಕ್ಕೆ ಶೂಟಿಂಗ್‌ನವರು ಆ ಬರೆಯುವ ಕೆಲಸಕ್ಕೆ ನನ್ನನ್ನು ಒಪ್ಪಿದ್ದರು. ಹೆಲ್ಮೆಟ್ಟನ್ನು ಅವರ ವ್ಯಾನಿನಲ್ಲೇ ಬಿಟ್ಟು ಇಳಿದೆ. ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಓಣಿ. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಕೊತ್ತಂಬರಿ ಮಾರುವ ನಮ್ಮವರ ಅಂಗಡಿ, ಶಾಲೆ ಬಸ್ಸಿಗೆ ಕಾದ ಮಕ್ಕಳ ಗದ್ದಲ, ಬಾಲ್ಕನಿಯಲ್ಲಿ ಒಣಗಿದ ಲುಂಗಿ. ಅಲ್ಲೇ ಮೂಲೆಯಲ್ಲಿ ಕ್ಯಾಮೆರಾ ಇತ್ತು. ಅದರ ಎದುರಿಗೆ, ಎಲ್ಲರೂ ಓಡಾಡುತ್ತಿದ್ದ ಜಾಗದಲ್ಲಿ, ಒಬ್ಬ ಹಿರಿಯರು ಕುರ್ಚಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಫ್ರೇಮಿನ ನಟ್ಟನಡುವೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ತಮಿಳು ಕಲಿತದ್ದು ಪೊಲೀಸ್ ಸಿನಿಮಾಗಳಿಂದ ಮಾತ್ರ. ಅಲ್ಲಿ ಯಾರೂ ಯಾರಿಗೂ ದಯವಿಟ್ಟು ಅನ್ನುವುದಿಲ್ಲ. ಹಾಗಾಗಿ "ನೀವು ಯಾರು ಅಂತ ಗೊತ್ತಾಗಲಿಲ್ಲ ಸಾರ್" ಅಂತ ಕೇಳಬೇಕಾದ ಕಡೆ, ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ಸೊಂಟದ ಮೇಲೆ ಕೈ ಇಟ್ಟು ಕೇಳಿದೆ:

"ಡೇಯ್! ಯಾರ್ ಡಾ ನೀ?"

ಲೈಟ್ ಹಿಡಿದವನು ಲೈಟನ್ನು ನನ್ನ ಮುಖಕ್ಕೇ ತಿರುಗಿಸಿದ. ಹಿರಿಯರು ನಿಧಾನವಾಗಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಮೂವತ್ತು ವರ್ಷ ಪೊಲೀಸ್ ಸರ್ವೀಸು," ಅಂದರು, ಕನ್ನಡದಲ್ಲಿ! "ಕಳ್ಳರು ಕೂಡ ನನ್ನ ಹೀಗೆ ಕೇಳಿಲ್ಲಮ್ಮಾ."

ಅವರು ಅರುಮುಗಂ ಸಾರ್, ನಿವೃತ್ತ ಇನ್ಸ್‌ಪೆಕ್ಟರ್. ಈ ಸಿನಿಮಾದ ಕತೆ ಅವರು ಹಿಡಿದ ಕೇಸು. ಹೊಸೂರಿನಲ್ಲಿ ಆರು ವರ್ಷ ಇದ್ದುದರಿಂದ ಕನ್ನಡ ಬರುತ್ತಿತ್ತು. ನಾನು ಕ್ಷಮೆ ಕೇಳಿದ್ದಕ್ಕೆ ಲೆಕ್ಕವಿಲ್ಲ. ಅವರು ಆಮೇಲೆ ಮೂರು ದಿನವೂ, ನಾನು ಹತ್ತಿರ ಹೋದಾಗಲೆಲ್ಲ, ಎರಡೂ ಕೈ ಮೇಲೆತ್ತಿ ಶರಣಾದ ಹಾಗೆ ನಿಲ್ಲುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರೇ ಕೇಸಿನ ಕತೆ ಹೇಳಿದರು. ಮದುವೆ ಫ್ಲೆಕ್ಸ್ ನೋಡಿ ಕಳ್ಳತನ ಮಾಡುತ್ತಿದ್ದ ಗುಂಪು ಅದು. ಫ್ಲೆಕ್ಸಿನಲ್ಲಿ ಎಲ್ಲವೂ ಇರುತ್ತದಲ್ಲ. ಮನೆತನದ ಹೆಸರು, ಊರು, ಮುಹೂರ್ತದ ಸಮಯ, ಸ್ವಾಗತ ಕೋರುವ ಮನೆಮಂದಿಯ ಸಾಲು ಸಾಲು ಫೋಟೋ. ಅಂದರೆ ಇಂಥ ದಿನ ಇಂಥ ಹೊತ್ತಿಗೆ ಇಂಥ ಮನೆಯಲ್ಲಿ ಯಾರೂ ಇರುವುದಿಲ್ಲ ಅಂತ ಮನೆಯವರೇ ಹತ್ತಡಿ ಬೋರ್ಡು ಹಾಕಿಸಿದ ಹಾಗೆ. ನಾನು ಎತ್ತಿದ ತುತ್ತನ್ನು ಕೆಳಗಿಟ್ಟೆ. ಹೋದ ತಿಂಗಳಷ್ಟೇ ನಾನು ಮಾಡಿದ ಫ್ಲೆಕ್ಸೊಂದರಲ್ಲಿ ಮನೆ ನಂಬರೂ ಇತ್ತು, ಚಿನ್ನದ ಬಣ್ಣದಲ್ಲಿ.

"ಒಂದು ಮನೆಯಲ್ಲಿ ಲೆಕ್ಕ ತಪ್ಪಿತು," ಅಂದರು ಅರುಮುಗಂ ಸಾರ್. "ಹುಷಾರಿಲ್ಲ ಅಂತ ಅಜ್ಜಿ ಒಬ್ಬರು ಮದುವೆಗೆ ಹೋಗಿರಲಿಲ್ಲ. ಇವರನ್ನ ನೋಡಿ ಹೆದರಿ ಬಿದ್ದು ಸೊಂಟ ಮುರಿಯಿತು. ಉಳಿದವರು ಓಡಿದರು. ಅವರ ಲೀಡರ್ ಓಡಲಿಲ್ಲ. ಅಜ್ಜಿಗೆ ನೀರು ಕುಡಿಸಿ, ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವ ಸದ್ದು ಕೇಳಿದ ಮೇಲೆ ಓಡಿದ. ನೇರ ದೋಹಾಕ್ಕೆ."

ದೋಹಾದಲ್ಲಿ ತಮಿಳುನಾಡಿನ ಪೊಲೀಸರು ಪೊಲೀಸರೇ ಅಲ್ಲ. ಬಂದು ಹಿಡಿಯುವ ಹಾಗಿಲ್ಲ, ಕಾಗದಪತ್ರ ಓಡಾಡಲು ವರ್ಷಗಟ್ಟಲೆ ಬೇಕು. ಆಗ ಅರುಮುಗಂ ಸಾರ್ ಸ್ಟೇಷನ್ನಿನ ಹೆಡ್ ಕಾನ್‌ಸ್ಟೇಬಲ್ ಚೆಲ್ಲಯ್ಯ ರಜೆ ಹಾಕಿ, ದೋಹಾದಲ್ಲಿದ್ದ ಭಾವನ ಮನೆಗೆ ಅಂತ ಬಂದರು. ಯೂನಿಫಾರಂ ಇಲ್ಲ, ಲಾಠಿ ಇಲ್ಲ. ಕಳ್ಳನನ್ನು ಹುಡುಕಿ, ತಾನು ಯಾರು ಅಂತ ನೇರವಾಗಿ ಹೇಳಿ, ಭಾವನ ರೂಮಿಗೆ ಕರೆದರು. ಮೊದಲು ಕೇಳಿದ ಮಾತು "ಸಾಪ್ಟಿಯಾಪ್ಪಾ?" ಊಟ ಆಯ್ತೇನಪ್ಪಾ. ಮೂರು ದಿನ ಕೈಯಾರೆ ಅನ್ನ, ಮೀನು ಸಾರು ಮಾಡಿ ಬಡಿಸಿದರು. ಅಜ್ಜಿ ಬದುಕಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ ಅಂತ ಹೇಳಿದರು. ಮೂರನೇ ದಿನ ಉಣ್ಣುತ್ತಾ ಉಣ್ಣುತ್ತಾ ಆತನೇ ಕೇಳಿದ, ಊರಿಗೆ ವಾಪಸ್ ಹೋಗುವ ಟಿಕೆಟ್ ಯಾವತ್ತಿಗೆ ಅಂತ.

"ಪೇಪರಿನಲ್ಲಿ ನನ್ನ ಫೋಟೋ ಬಂತು," ಅಂದರು ಅರುಮುಗಂ ಸಾರ್. "ಫೋಟೋ ತೆಗೆಯುವ ಹೊತ್ತಿಗೆ ಚೆಲ್ಲಯ್ಯ ಪೇಪರಿನವರಿಗೆ ಟೀ ತರೋಕೆ ಹೋಗಿದ್ದ."

ಸಿನಿಮಾದವರು ಕತೆ ಕೇಳಿ ಬಂದಾಗ ಅವರು ಒಂದೇ ಷರತ್ತು ಹಾಕಿದ್ದರಂತೆ, ಚೆಲ್ಲಯ್ಯ ಇರಬೇಕು. ಆಯ್ತು ಅಂದಿದ್ದರು. ಈಗ ಸ್ಕ್ರಿಪ್ಟಿನಲ್ಲಿ ಹೀರೋ ಒಬ್ಬನೇ ದೋಹಾಕ್ಕೆ ಬರುತ್ತಾನೆ, ಮರಳಿನಲ್ಲಿ ಎಂಟು ಜನರನ್ನು ಗುಂಡಿಟ್ಟು ಉರುಳಿಸುತ್ತಾನೆ. ಚೆಲ್ಲಯ್ಯ ಒಂದು ಸಾಲಿನಲ್ಲೂ ಇಲ್ಲ.

ಒಂದೂವರೆಗೆ ಅರುಮುಗಂ ಸಾರ್ ಫೋನ್ ಹೊಡೆದುಕೊಂಡಿತು. ವಿಡಿಯೋ ಕಾಲ್. ತೆಂಕಾಶಿಯಲ್ಲಿ ಆಗ ನಾಲ್ಕು ಗಂಟೆ, ಟೀ ಸಮಯ. ಪರದೆಯ ಮೇಲೆ ನೀಟಾಗಿ ತಲೆ ಬಾಚಿದ ಒಬ್ಬ ಸಣಕಲ ಮುದುಕ, ಅವರ ಹಿಂದೆ ಟೀ ಅಂಗಡಿಯ ಏಳೆಂಟು ತಲೆಗಳು. ಅವರೇ ಚೆಲ್ಲಯ್ಯ. ಕೂತಿದ್ದ ಅರುಮುಗಂ ಸಾರ್ ಅಂಗಿ ಸರಿಮಾಡಿಕೊಂಡರು.

"ಅಯ್ಯಾ, ನಮ್ಮ ಸೀನ್ ಆಯ್ತಾ?"

"ನಾಳೆ ಚೆಲ್ಲಯ್ಯಾ. ನಾಳೆ."

ಫೋನ್ ಇಟ್ಟ ಮೇಲೆ ಅವರು ಮೊಸರನ್ನ ಮುಟ್ಟಲಿಲ್ಲ. ವಾಸಣ್ಣ ಬಂದು "ಎಂತ ಸಾರ್, ಉಪ್ಪು ಕಮ್ಮಿಯಾ?" ಅಂತ ಕೇಳಿದರು.

ಮರಳು

ಎರಡನೆಯ ದಿನ ಅಲ್ ವುಕೈರ್ ದಾಟಿ, ಕಟ್ಟಡಗಳೆಲ್ಲ ಮುಗಿದು ಮರಳು ಶುರುವಾಗುವ ಕಡೆ ಎನ್‌ಕೌಂಟರ್. ಸಮಸ್ಯೆ ನಿಮಗೆ ಗೊತ್ತೇ ಇದೆ, ಗನ್ನಿಲ್ಲ. ಅಷ್ಟೇ ಅಲ್ಲ, ಗನ್ನಿನ ಹಾಗೆ ಕಾಣುವ ಯಾವುದನ್ನೂ ಹಿಡಿಯುವಂತಿಲ್ಲ ಅಂತ ಶೂಟಿಂಗ್ ಅನುಮತಿ ಪತ್ರದಲ್ಲೇ ಬರೆದಿತ್ತು. ವಿಮಾನ ನಿಲ್ದಾಣದಲ್ಲಿ "ಢಿಶ್ಯೂಂ" ಅಂದ ಟೋಪಿಯವರೇ ಡೈರೆಕ್ಟರ್. ಅವರು ಚೆನ್ನೈನ ಗ್ರಾಫಿಕ್ಸ್ ಹುಡುಗನಿಗೆ ಫೋನ್ ಮಾಡಿದರು. ಹಸಿರು ಬಣ್ಣದ್ದು ಏನಾದರೂ ಹಿಡಿಸಿ ಸಾರ್, ನಾನು ಕಂಪ್ಯೂಟರಿನಲ್ಲಿ ಅದನ್ನ ಗನ್ ಮಾಡ್ತೀನಿ ಅಂದ.

ಹಸಿರು ಏನಿದೆ ಅಂತ ಎಲ್ಲರೂ ಸುತ್ತ ನೋಡಿದರು. ಮರಳಿನಲ್ಲಿ ಹಸಿರು! ಕೊನೆಗೆ ಎಲ್ಲರ ಕಣ್ಣೂ ವಾಸಣ್ಣನ ವ್ಯಾನಿನ ತರಕಾರಿ ಬುಟ್ಟಿಯ ಮೇಲೆ ಬಿತ್ತು.

ಹೀಗೆ, ಕಪ್ಪು ಕನ್ನಡಕ, ಬಿಗಿ ಟೀ ಶರ್ಟಿನ ನಮ್ಮ ಹೀರೋ ಕೈಗೆ ಒಂದು ದೊಣ್ಣೆ ಮೆಣಸಿನಕಾಯಿ ಬಂತು. ಎದುರಾಳಿಗಳ ಕೈಗೆ ಹೀರೇಕಾಯಿ. ಉದ್ದದ ರೈಫಲ್ ಬೇಕಾದವನಿಗೆ ನುಗ್ಗೆಕಾಯಿ. ನಾನು ಪುಸ್ತಕದಲ್ಲಿ ಬರೆದುಕೊಂಡೆ: ಹೀರೋ, ಬಲಗೈ, ಮೆಣಸಿನಕಾಯಿ ಒಂದು, ತೊಟ್ಟು ಸಮೇತ.

"ಆಕ್ಷನ್!"

ಹೀರೋ ಹಲ್ಲು ಕಚ್ಚಿ, ಮೆಣಸಿನಕಾಯಿ ನೀಡಿ, ಕಳ್ಳನ ಪಾತ್ರದ ನಟ ಸೆಲ್ವಂ ಕಡೆ ನಡೆದರು. ಆವೇಶ ಜಾಸ್ತಿಯಾಯಿತೋ ಏನೋ, ಮುಷ್ಟಿ ಬಿಗಿದ ಕೂಡಲೇ ಮೆಣಸಿನಕಾಯಿ ಚಟ್ ಅಂತ ಒಡೆದು ಬೀಜ ಸೆಲ್ವಂ ಮೂಗಿಗೆ ಹಾರಿತು. ಸೆಲ್ವಂ ಗುಂಡು ತಗುಲಿದವನ ಹಾಗೆ ಬೀಳುವ ಬದಲು ಏಳು ಸಲ ಸೀನಿದ. ಎರಡನೇ ಟೇಕಿನಲ್ಲಿ ನುಗ್ಗೆಕಾಯಿ ಮುರಿಯಿತು. ಮೂರನೇ ಟೇಕಿನ ಹೊತ್ತಿಗೆ ಒಂದು ದೊಡ್ಡ ಬಿಳಿ ಕಾರು ಬಂದು ನಿಂತಿತು. ಅಚ್ಚ ಬಿಳಿಯ ನಿಲುವಂಗಿಯ ಕತಾರಿ ಯಜಮಾನರು, ಹಿಂದೆ ಇಬ್ಬರು ಮಕ್ಕಳು. ಸ್ವಲ್ಪ ಹೊತ್ತು ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು:

"ಕುಕಿಂಗ್ ಪ್ರೋಗ್ರಾಂ?"

ಡೈರೆಕ್ಟರ್ ಒಂದು ಕ್ಷಣ ಆಕಾಶ ನೋಡಿದರು. "ಯೆಸ್ ಸಾರ್," ಅಂದರು.

ಯಜಮಾನರಿಗೆ ಬಹಳ ಸಂತೋಷವಾಯಿತು. ಅರ್ಧ ಗಂಟೆಯ ಮೇಲೆ ಅದೇ ಕಾರು ಮತ್ತೆ ಬಂತು, ನಮಗೆಲ್ಲ ಎರಡು ದೊಡ್ಡ ಫ್ಲಾಸ್ಕ್ ಕರಕ್ ಚಹಾ ಇಳಿಸಿ ಹೋಯಿತು. ಮಕ್ಕಳು ಹೀರೋ ಕಡೆ ಕೈ ಬೀಸಿದರು. ಅವರ ಕಣ್ಣಿಗೆ ಆತ ದೊಡ್ಡ ಬಾಣಸಿಗ.

ಒಂದೂವರೆಗೆ ತೆಂಕಾಶಿಯಿಂದ ಫೋನ್ ಬಂತು. ಟೀ ಅಂಗಡಿಯ ತಲೆಗಳು ಹದಿನೈದಾಗಿದ್ದವು. "ಅಯ್ಯಾ, ಆಯ್ತಾ?" "ನಾಳೆ ಚೆಲ್ಲಯ್ಯಾ." ಈ ಸಲ ಅರುಮುಗಂ ಸಾರ್ ಫೋನನ್ನು ಸ್ವಲ್ಪ ದೂರ ಹಿಡಿದುಕೊಂಡು ಮಾತಾಡಿದರು, ಮುಖ ಸರಿಯಾಗಿ ಕಾಣದ ಹಾಗೆ.

ಸಂಜೆ ಗ್ರಾಫಿಕ್ಸ್ ಹುಡುಗ ಶಾಟುಗಳನ್ನು ನೋಡಿ ಕೈ ಚೆಲ್ಲಿದ. ಮೆಣಸಿನಕಾಯಿ ಹಿಡಿದ ಕೈ ಮೆಣಸಿನಕಾಯಿ ಹಿಡಿದ ಹಾಗೇ ಇದೆ ಸಾರ್, ಗನ್ ಹಿಡಿದ ಹಾಗೆ ಇಲ್ಲ ಅಂದ. ಅಷ್ಟರಲ್ಲಿ ಹೀರೋ ಬೇರೆ ಸಿನಿಮಾಕ್ಕೆ ಅಂತ ಚೆನ್ನೈಗೆ ಹೊರಟಾಗಿತ್ತು. ಹೋಗುವಾಗ ಯಾರೊಂದಿಗೂ ಕೈ ಕುಲುಕಲಿಲ್ಲ. ಅವರ ಕೈ ಇನ್ನೂ ಮೆಣಸಿನಕಾಯಿ ವಾಸನೆ ಹೊಡೆಯುತ್ತಿತ್ತು ಅನ್ನಿಸುತ್ತದೆ.

ಮದೀನತ್ ಖಲೀಫಾ

ಕಡೆಯ ದಿನಕ್ಕೆ ಉಳಿದದ್ದು ಮದೀನತ್ ಖಲೀಫಾ ಬಡಾವಣೆಯಲ್ಲಿ ಬಾಡಿಗೆಗೆ ಹಿಡಿದಿದ್ದ ಒಂದು ವಿಲ್ಲಾ, ಒಂದು ಕ್ಯಾಮೆರಾ, ಮೂಗು ಕೆಂಪಾದ ಸೆಲ್ವಂ. ಮಧ್ಯಾಹ್ನ ಮೂರಕ್ಕೆ ವಿಲ್ಲಾ ಬಿಟ್ಟುಕೊಡಬೇಕು. ಡೈರೆಕ್ಟರ್ ಮೆಟ್ಟಿಲ ಮೇಲೆ ಟೋಪಿ ಮುಖಕ್ಕೆ ಮುಚ್ಚಿಕೊಂಡು ಕೂತಿದ್ದರು.

ಅರುಮುಗಂ ಸಾರ್ ಹೋಗಿ ಅವರ ಪಕ್ಕ ಕೂತರು. ಮುಂದಿನ ಮಾತುಗಳು ನಡೆದದ್ದು ತಮಿಳಿನಲ್ಲಿ. ನನಗೆ ಅರ್ಥವಾದಷ್ಟು ಹೇಳುತ್ತೇನೆ.

"ಗನ್ ಇಲ್ಲ," ಅಂದರು ಡೈರೆಕ್ಟರ್, ಟೋಪಿಯೊಳಗಿಂದ.

"ಆಗಲೂ ಇರಲಿಲ್ಲ."

"ಹೀರೋ ಇಲ್ಲ."

"ಆಗಲೂ ಇರಲಿಲ್ಲ. ನಾನು ಚೆನ್ನೈನಲ್ಲಿದ್ದೆ. ಮೂರು ದಿನ ಒಂದೇ ಕೆಲಸ ಮಾಡಿದೆ, ಫೋನ್ ಪಕ್ಕ ಕೂತಿದ್ದೆ. ಹೀರೋನ ಅಲ್ಲೇ ಫೋನ್ ಪಕ್ಕ ಕೂರಿಸಿ ತೆಗೆಯಿರಿ."

ಟೋಪಿ ಸ್ವಲ್ಪ ಕೆಳಗಿಳಿಯಿತು. "ಇಲ್ಲಿ ಏನು ತೆಗೆಯಲಿ?"

"ಇಬ್ಬರು ಕೂತು ಊಟ ಮಾಡುವುದನ್ನ."

"ಪೊಲೀಸ್ ಸಿನಿಮಾದ ಕ್ಲೈಮ್ಯಾಕ್ಸಿನಲ್ಲಿ ಮೀನು ಸಾರಾ? ಥಿಯೇಟರಿನಲ್ಲಿ ಕುರ್ಚಿ ಮುರೀತಾರೆ ಸಾರ್."

"ತಮ್ಮಾ," ಅಂದರು ಅರುಮುಗಂ ಸಾರ್. "ಒಂದೂವರೆಗೆ ಫೋನ್ ಬರುತ್ತೆ. ಮೂರನೇ ಸಲ ನಾಳೆ ಅಂತ ಹೇಳೋಕೆ ನನಗೆ ನಾಳೆ ಇಲ್ಲ."

ಡೈರೆಕ್ಟರ್ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಆಮೇಲೆ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಚೆಲ್ಲಯ್ಯನ ಪಾತ್ರಕ್ಕೆ ಯಾರು? ಯೂನಿಟ್ಟಿನಲ್ಲಿ ಇದ್ದವರೆಲ್ಲ ಗಡ್ಡ ಬಿಟ್ಟ ಇಪ್ಪತ್ತೈದರ ಹುಡುಗರು. ಅದೇ ಹೊತ್ತಿಗೆ ಗೇಟು ತೆರೆಯಿತು. ಎರಡೂ ಕೈಯಲ್ಲಿ ಊಟದ ಡಬ್ಬಿ ಹಿಡಿದು ವಾಸಣ್ಣ ಬಂದರು. ಬಾಗಿಲಲ್ಲಿ ಮಂಕಾಗಿ ನಿಂತಿದ್ದ ಸೆಲ್ವಂ ಮುಖ ನೋಡಿ ಕೇಳಿದರು:

"ಸಾಪ್ಟಿಯಾಪ್ಪಾ?"

ಅರುಮುಗಂ ಸಾರ್ ನೆಟ್ಟಗೆ ನಿಂತುಬಿಟ್ಟರು. ಡೈರೆಕ್ಟರ್ ಟೋಪಿ ತಿರುಗಿಸಿ ಹಾಕಿಕೊಂಡು ವಾಸಣ್ಣನ ಕಡೆ ಬೆರಳು ತೋರಿಸಿದರು.

"ನಂಗೆ ಆಕ್ಟಿಂಗ್ ಎಲ್ಲ ಬರುದಿಲ್ಲ ಮಾರಾಯ್ರೆ," ಅಂತ ವಾಸಣ್ಣ ನನ್ನ ಹಿಂದೆ ಬಚ್ಚಿಟ್ಟುಕೊಳ್ಳಲು ನೋಡಿದರು. ಆ ಹೊಟ್ಟೆ ನನ್ನ ಹಿಂದೆ ಹಿಡಿಸುವ ಮಾತೇ? "ಶಾಲೆಯಲ್ಲಿ ಒಂದ್ಸಲ ಮರದ ಪಾತ್ರ ಮಾಡಿದ್ದೆ. ಅದ್ರಲ್ಲೂ ಅಲುಗಾಡಿ ಮಾಸ್ಟ್ರ ಕೈಲಿ ಬೈಸ್ಕೊಂಡಿದ್ದೆ."

"ನೀವು ಆಕ್ಟಿಂಗ್ ಮಾಡಬ್ಯಾಡ್ರಿ," ಅಂದೆ. "ಬರೇ ಬಡಸ್ರಿ."

ಬಡಿಸುವುದು ಅಂದದ್ದೇ ತಡ, ಅಂಗಿಯ ತೋಳು ಮಡಚಿದರು.

ಈಗ ನನ್ನ ಕಷ್ಟ ಶುರುವಾಯಿತು. ಊಟದ ಸೀನೆಂದರೆ ಕಂಟಿನ್ಯೂಟಿಯವರಿಗೆ ಗಂಡಾಂತರ. ಪ್ರತಿ ಟೇಕಿನಲ್ಲೂ ತಟ್ಟೆಯಲ್ಲಿ ಅಷ್ಟೇ ಅನ್ನ, ಅಷ್ಟೇ ಸಾರು, ಅದೇ ಜಾಗದಲ್ಲಿ ಅದೇ ಮೀನು ಇರಬೇಕು. ನಮ್ಮ ಮನೆಯಲ್ಲಿ ಮೀನು ಕಂಡದ್ದು ಗಾಜಿನ ತೊಟ್ಟಿಯಲ್ಲಿ ಮಾತ್ರ. "ವಾಸಣ್ಣಾ, ಇದು ಮಾರಿಯೋ ಬಾಲವೋ?" ಅಂತ ಕೇಳಿ ಕೇಳಿ ಬರೆದುಕೊಂಡೆ. ಅಂಜಲ್ ಮೀನು, ತುಂಡು ಎರಡು, ಒಂದು ಅನ್ನದ ಎಡಕ್ಕೆ, ಒಂದು ಬಲಕ್ಕೆ.

ಬರೆದು ಏನು ಪ್ರಯೋಜನ? ವಾಸಣ್ಣನಿಗೆ ಖಾಲಿಯಾಗುತ್ತಿರುವ ತಟ್ಟೆಯನ್ನು ನೋಡಿಕೊಂಡು ಸುಮ್ಮನಿರಲು ಬರುವುದಿಲ್ಲ. ಸ್ಕ್ರಿಪ್ಟಿನ ಪ್ರಕಾರ ಒಂದು ಸಲ ಬಡಿಸಬೇಕು. ಇವರು ಮೂರು ಸಲ ಬಡಿಸಿದರು. ಕಟ್ ಅಂದರೂ ಬಡಿಸಿದರು. ಎರಡು ಟೇಕುಗಳ ನಡುವೆ, ಪಾಪ ಹುಡುಗ ಬರೀ ಅನ್ನ ತಿಂತಾ ಇದ್ದಾನೆ ಅಂತ ಉಪ್ಪಿನಕಾಯಿ ಹಾಕಿದರು.

"ಸಾರ್, ಉಪ್ಪಿನಕಾಯಿ ಹೊಸದು!" ಅಂತ ನಾನು ಕೂಗಿದೆ.

"ಉಪ್ಪಿನಕಾಯಿ ತೆಗೀರಿ!" ಅಂದರು ಡೈರೆಕ್ಟರ್.

"ತಟ್ಟೆಯಿಂದ ತೆಗೆಯುದಾ?" ವಾಸಣ್ಣನಿಗೆ ನಿಜವಾಗಿಯೂ ಸಿಟ್ಟು ಬಂತು. "ಹಾಕಿದ್ದನ್ನು ತಟ್ಟೆಯಿಂದ ತೆಗೆದವರು ಉಂಟಾ ನಮ್ಮ ಕಡೆ? ಹೊಸ ತಟ್ಟೆ ಇಡುವ, ಇದನ್ನು ಅವ ಉಣ್ಲಿ."

ಹೀಗೆ ಸೆಲ್ವಂ ಉಂಡ ತಟ್ಟೆಗಳ ಸಂಖ್ಯೆ ಹತ್ತು ಮುಟ್ಟಿತು. ಮಧ್ಯೆ ಒಮ್ಮೆ ಅವನು ನನ್ನ ಕಡೆ ವಾಲಿ, ಮೆಲ್ಲಗೆ, ಎನ್‌ಕೌಂಟರೇ ವಾಸಿಯಿತ್ತು ಅಂದ.

ಹನ್ನೊಂದನೇ ಟೇಕು. ಸೆಲ್ವಂ ಒಂದು ತುತ್ತು ಎತ್ತಿದ. ಕೈ ಅರ್ಧಕ್ಕೆ ನಿಂತಿತು. ಹೊಟ್ಟೆ ತುಂಬಿ ನಿಂತಿತೋ, ಬೇರೇನೋ, ನನಗೆ ಗೊತ್ತಿಲ್ಲ. ತುತ್ತನ್ನೇ ನೋಡುತ್ತಾ ಕೂತ. ವಾಸಣ್ಣ ಸ್ಕ್ರಿಪ್ಟು, ಕ್ಯಾಮೆರಾ ಎಲ್ಲಾ ಮರೆತು, ಮೂರನೇ ತುಂಡು ಮೀನು ತಂದು ತಟ್ಟೆಗೆ ಹಾಕಿ, ಮುಳ್ಳು ತಾವೇ ಬಿಡಿಸಿ ಬದಿಗಿಟ್ಟು, ಲೋಟದ ನೀರು ಹತ್ತಿರ ಸರಿಸಿದರು. ಸೆಲ್ವಂ ತಲೆ ತಗ್ಗಿಸಿಕೊಂಡೇ, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ, ತನ್ನ ಸಾಲು ಹೇಳಿದ. ಟಿಕೆಟ್ ಯಾವತ್ತಿಗೆ.

ಡೈರೆಕ್ಟರ್ ಕಟ್ ಅನ್ನಲು ಬಹಳ ಹೊತ್ತು ತೆಗೆದುಕೊಂಡರು. ಅರುಮುಗಂ ಸಾರ್ ಗೋಡೆಯ ಕಡೆ ತಿರುಗಿ ನಿಂತಿದ್ದರು.

"ಕಂಟಿನ್ಯೂಟಿ ಮೇಡಂ, ಓಕೆನಾ?" ಅಂದರು ಡೈರೆಕ್ಟರ್.

ಎಲ್ಲರೂ ನನ್ನನ್ನು ನೋಡಿದರು. ಪುಸ್ತಕದಲ್ಲಿ ಸ್ಪಷ್ಟವಾಗಿತ್ತು. ಮುಂಚೆ ತೆಗೆದ ಹತ್ತಿರದ ಶಾಟಿನಲ್ಲಿ ಮೀನು ಎರಡು, ಇದರಲ್ಲಿ ಮೂರು. ಇಂಥ ತಪ್ಪು ಹಿಡಿದು ನಗುವುದಕ್ಕೆ ಅಂತಲೇ ನಾನು ಇಷ್ಟು ವರ್ಷ ಸಿನಿಮಾ ನೋಡಿದವಳು. ಓಕೆ ಅಂದರೆ ಸುಳ್ಳು. ಇಲ್ಲ ಅಂದರೆ ಈ ಟೇಕು ಹೋಯಿತು. ಮತ್ತೆ ಇದು ಸಿಗುವುದಿಲ್ಲ, ಸೆಲ್ವಂ ಹೊಟ್ಟೆಯಲ್ಲಿ ಜಾಗವೂ ಇಲ್ಲ.

"ತಪ್ಪಿದೆ ಸಾರ್," ಅಂದೆ, ನನ್ನ ಕೈಲಾದ ಮರ್ಯಾದೆಯ ತಮಿಳಿನಲ್ಲಿ. "ಆದರೆ ಇದನ್ನ ಮುಟ್ಟಬೇಡಿ. ಮುಂಚಿನ ಶಾಟನ್ನ ಬಿಸಾಕಿ. ತಟ್ಟೆ ಮಾತ್ರ ಇನ್ನೊಂದು ಸಲ ತೆಗೆಯೋಣ, ಮೂರು ತುಂಡು ಇಟ್ಟು. ಐದು ನಿಮಿಷ ಸಾಕು."

ಡೈರೆಕ್ಟರ್ ಟೋಪಿ ತೆಗೆದು ನನಗೆ ಒಂದು ಸಲಾಂ ಹೊಡೆದರು. ಅರುಮುಗಂ ಸಾರ್ ಗೋಡೆಯಿಂದ ತಿರುಗಿ ಎರಡೂ ಕೈ ಮೇಲೆತ್ತಿ ನಿಂತರು.

ತಟ್ಟೆಯ ಶಾಟು ಮುಗಿಯುವುದಕ್ಕೂ ಒಂದೂವರೆ ಆಗುವುದಕ್ಕೂ ಸರಿಹೋಯಿತು. ಫೋನ್ ಬಂತು. ಈ ಸಲ ಇಡೀ ಟೀ ಅಂಗಡಿಯೇ ಪರದೆಯೊಳಗಿತ್ತು. ಅರುಮುಗಂ ಸಾರ್ ಫೋನನ್ನು ತಿರುಗಿಸಿ, ಮಾನಿಟರಿನಲ್ಲಿ ಹನ್ನೊಂದನೇ ಟೇಕನ್ನು ಪೂರ್ತಿ ತೋರಿಸಿದರು.

"ಅಯ್ಯಾ," ಅಂದರು ಚೆಲ್ಲಯ್ಯ ಕೊನೆಗೆ. "ನಾನು ಅಷ್ಟು ದಪ್ಪ ಇರಲಿಲ್ಲ."

ವಿಲ್ಲಾದಲ್ಲೂ ಟೀ ಅಂಗಡಿಯಲ್ಲೂ ಒಟ್ಟಿಗೆ ನಗು ಎದ್ದಿತು. ಅದು ನಿಂತ ಮೇಲೆ ಅವರು ಕಣ್ಣೊರೆಸಿಕೊಂಡು, ಆ ಮನುಷ್ಯನನ್ನು ತೋರಿಸಿ ಅಂದರು. ಫೋನ್ ವಾಸಣ್ಣನ ಕೈಗೆ ಹೋಯಿತು. ಮೀನಿನ ಕೈಯನ್ನು ಒರೆಸಿಕೊಳ್ಳುತ್ತಾ ವಾಸಣ್ಣ ಅದನ್ನು ಮುಖಕ್ಕೆ ತೀರಾ ಹತ್ತಿರ ಹಿಡಿದರು.

ಚೆಲ್ಲಯ್ಯ ಕೇಳಿದರು: "ನೀಂಗ ಸಾಪ್ಟೀಂಗಳಾ?"

ನೀವು ಊಟ ಮಾಡಿದಿರಾ.

ವಾಸಣ್ಣ ಒರೆಸಿದ ಕೈಯನ್ನೇ ಮತ್ತೆ ಅಂಗಿಗೆ ಒರೆಸಿದರು. ಮೂರು ದಿನದಲ್ಲಿ ಅವರು ಮಾತಿಗೆ ತಡವರಿಸಿದ್ದು ನಾನು ನೋಡಿದ್ದು ಅದೇ ಮೊದಲು. ಅವರು ಉಂಡದ್ದನ್ನು ಯಾರಾದರೂ ನೋಡಿದ್ದೀವಾ ಅಂತ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ನನ್ನ ಪುಸ್ತಕದಲ್ಲಿ ಮೂರು ದಿನದ ಪ್ರತಿ ಗುಂಡಿ, ಪ್ರತಿ ಮೆಣಸಿನಕಾಯಿ, ಪ್ರತಿ ಮೀನಿನ ಮುಳ್ಳು ಇತ್ತು. ಇದು ಇರಲಿಲ್ಲ.

"ಇಲ್ಲ," ಅಂದರು ವಾಸಣ್ಣ. ಆಮೇಲೆ, ತಪ್ಪು ಮಾಡಿದವರ ಹಾಗೆ, "ಇನ್ನು ಮಾಡ್ಲಿಕ್ಕುಂಟು."

ಎಲ್ಲರಿಗಿಂತ ಮೊದಲು ಎದ್ದದ್ದು ಹನ್ನೊಂದು ತಟ್ಟೆ ಉಂಡ ಸೆಲ್ವಂ. ನಡೆಯಲು ಕಷ್ಟಪಡುತ್ತಾ ಹೋಗಿ ಒಂದು ತಟ್ಟೆ ತಂದ. ವಾಸಣ್ಣನನ್ನು ಅವರು ಅಲ್ಲಿಯವರೆಗೂ ಬಡಿಸುತ್ತಿದ್ದ ಆ ಮೇಜಿಗೇ ಕೂರಿಸಿದ. ಅರುಮುಗಂ ಸಾರ್ ಅನ್ನ ಹಾಕಿದರು. ಡೈರೆಕ್ಟರ್ ಸಾರು ಹಾಕಲು ಹೋಗಿ ಅರ್ಧ ಮೇಜಿಗೇ ಹಾಕಿದರು. ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಎದುರಿಗೆ ಇಟ್ಟೆವು. ಚೆಲ್ಲಯ್ಯ ಅಲ್ಲಿಂದಲೇ, ಇನ್ನೊಂದು ತುಂಡು ಹಾಕಿ, ಇನ್ನೊಂದು ಹಾಕಿ, ಅನ್ನುತ್ತಿದ್ದರು.

ಲೈಟು ಆರಿಸಿ, ಕ್ಯಾಮೆರಾ ಪೆಟ್ಟಿಗೆಗೆ ಹಾಕಿ ಆಗಿತ್ತು. ನನ್ನ ಕೆಲಸ ಮುಗಿದಿತ್ತು. ಆದರೂ ಪುಸ್ತಕ ತೆಗೆದು ಕೊನೆಯ ಪುಟದಲ್ಲಿ ಬರೆದೆ:

ಶಾಟ್ ಇಲ್ಲ. ವಾಸಣ್ಣ, ಅಂಗಿಯ ತೋಳು ಮಡಚಿದೆ. ಅನ್ನ ಎರಡು ಸಲ. ಮೀನು ನಾಲ್ಕು ತುಂಡು. ಉಪ್ಪಿನಕಾಯಿ ಇದೆ, ತೆಗೆಯಬಾರದು.